ವಿಕ್ಟರ್ ತ್ಸೋಯ್ ಯಾರು? ಅಷ್ಟು ದೊಡ್ಡ ರಾಕ್ ಗಾಯಕ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುತ್ತಿದ್ದದ್ದು ನಿಜವಾ?

ಹೌದು, ನಿಜ. ತ್ಸೋಯ್ ಸೋವಿಯತ್ ಒಕ್ಕೂಟದ ರಾಕ್ ಗಾಯಕ. ಹುಟ್ಟಿದ್ದು 1962ರಲ್ಲಿ, ಈಗ ಸೇಂಟ್ ಪೀಟರ್ಸ್‌ಬರ್ಗ್ ಅನ್ನುವ ಲೆನಿನ್‌ಗ್ರಾಡ್‌ನಲ್ಲಿ. ತಂದೆ ಕೊರಿಯನ್ ಮೂಲದ ಎಂಜಿನಿಯರ್, ತಾಯಿ ರಷ್ಯನ್. ಓದಿದ್ದು ಚಿತ್ರಕಲೆ, ಮರದ ಕೆತ್ತನೆ. ಮನಸ್ಸೆಲ್ಲ ಗಿಟಾರ್ ಮೇಲೆ.

1982ರಲ್ಲಿ ಇವರ 'ಕಿನೊ' ತಂಡದ ಮೊದಲ ಆಲ್ಬಂ ಬಂತು. ಹೆಸರು '45', ಯಾಕಂದ್ರೆ ಅದು ಸುಮಾರು 45 ನಿಮಿಷ ಇತ್ತು. ಇಂಥ ರಾಕ್ ಹಾಡುಗಳು ಆಗ ಅಂಗಡಿಗೆ ಬರುತ್ತಿರಲಿಲ್ಲ. ಒಬ್ಬರ ಟೇಪಿನಿಂದ ಇನ್ನೊಬ್ಬರು ಕಾಪಿ ಮಾಡಿಕೊಂಡು ಕೇಳುತ್ತಿದ್ದರು.

ಸೋವಿಯತ್ ಕಾನೂನಿನಲ್ಲಿ ಕೆಲಸ ಇಲ್ಲದೆ ಇರುವುದು ಅಪರಾಧವಾಗಿತ್ತು. ಸರ್ಕಾರ ಒಪ್ಪದ ರಾಕ್ ಹಾಡು ಕೆಲಸದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದಕ್ಕೇ ಈ ಬಾಯ್ಲರ್ ಕೋಣೆ. ಕಟ್ಟಡ ಬಿಸಿ ಇಡಲು ಸಲಿಕೆಯಲ್ಲಿ ಕಲ್ಲಿದ್ದಲು ತುಂಬಿ ಒಲೆಗೆ ಹಾಕಬೇಕು. 'ಕಮ್ಚಾಟ್ಕ' ಅಂತ ಕರೆಯುತ್ತಿದ್ದ ಆ ನೆಲಮಾಳಿಗೆ ಈಗ ಮ್ಯೂಸಿಯಂ.

1988ರ 'ಗ್ರುಪ್ಪಾ ಕ್ರೊವಿ' ಆಲ್ಬಂ ಅವರನ್ನು ದೇಶದ ಮನೆಮಾತು ಮಾಡಿತು. ಅದೇ ವರ್ಷ 'ಇಗ್ಲಾ' ಸಿನಿಮಾದಲ್ಲಿ ನಾಯಕನಾಗಿಯೂ ನಟಿಸಿದರು. 1990ರ ಜೂನ್‌ನಲ್ಲಿ ಮಾಸ್ಕೋದ ಲುಜ್ನಿಕಿ ಸ್ಟೇಡಿಯಂ ಕಿನೊ ಕಾರ್ಯಕ್ರಮಕ್ಕೆ ತುಂಬಿ ತುಳುಕಿತು.

ಎರಡು ತಿಂಗಳೂ ಕಳೆದಿರಲಿಲ್ಲ. ಆಗಸ್ಟ್ 15ರಂದು ಲಾಟ್ವಿಯಾದಲ್ಲಿ ಅವರ ಕಾರು ಬಸ್ಸಿಗೆ ಡಿಕ್ಕಿ ಹೊಡೆಯಿತು. ತೀರಿಕೊಂಡಾಗ ಬರೀ 28 ವರ್ಷ, ನೆನೆದರೆ ಸಂಕಟ ಆಗುತ್ತೆ. ಅಷ್ಟರಲ್ಲೇ ರೆಕಾರ್ಡ್ ಮಾಡಿಟ್ಟಿದ್ದ ಅವರ ದನಿಗೆ ಗೆಳೆಯರು ವಾದ್ಯ ಸೇರಿಸಿ ಕೊನೆಯ ಆಲ್ಬಂ ಮುಗಿಸಿದರು. ಅದರ ಹೊದಿಕೆ ಪೂರ್ತಿ ಕಪ್ಪು.

ಮಾಸ್ಕೋದ ಅರ್ಬಾತ್ ಬೀದಿಯಲ್ಲಿ ಅಭಿಮಾನಿಗಳು ಬರೆದು ತುಂಬಿಸಿದ ಒಂದು ಗೋಡೆ ಇದೆ. ಅಲ್ಲಿ ಸಿಗರೇಟು ಮುರಿದು ಅವರಿಗಾಗಿ ಇಟ್ಟು ಹೋಗುತ್ತಾರೆ.