ಮುಚ್ಚಿದ ಸರಕು ಟ್ರೇಲರನ್ನು ಕ್ಯಾಂಪರ್ ಮಾಡಲು ಎಲ್ಲಿಂದ ಶುರು ಮಾಡಬೇಕು?

ಹತ್ತು ಅಡಿ ಉದ್ದದ, ಸುತ್ತ ತಗಡು ಹೊದಿಸಿದ ಹಳೇ ಟ್ರೇಲರ್ ಕೊಂಡಿದ್ದೀರಿ, ಇಬ್ಬರು ಮಲಗುವ ಹಾಗೆ ಕ್ಯಾಂಪರ್ (ಪ್ರವಾಸದಲ್ಲಿ ತಂಗುವ ಗಾಡಿಮನೆ) ಮಾಡಬೇಕು, ಗೋಡೆಗೆ ಏನು ತುಂಬಿಸಲಿ, ಎಸಿ ಹಾಕಬಹುದೇ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ತುಮಕೂರಿನವಳು. ನಮ್ಮಲ್ಲೂ ಅಂಥದ್ದೇ ಒಂದಿದೆ. ಹತ್ತು ಅಡಿ ಉದ್ದ, ಐದು ಅಡಿ ಅಗಲ, ಒಂದೇ ಆಕ್ಸಲ್, ಅಂದರೆ ಒಂದೇ ಜೋಡಿ ಚಕ್ರ. ಅಪ್ಪ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ ಕಾಲದಲ್ಲಿ ಬಟ್ಟೆ, ಪಾತ್ರೆ, ಕುರ್ಚಿ ಸಾಗಿಸಲು ಕೊಂಡದ್ದು. ಮಂಡಿನೋವು ಬಂದು ಅಪ್ಪ ವ್ಯಾಪಾರ ಬಿಟ್ಟ ಮೇಲೆ ಮೂರು ವರ್ಷ ಹೊಂಗೆ ಮರದ ಕೆಳಗೆ ನಿಂತಿತ್ತು. ನಾನೂ ನಮ್ಮನೆಯವರೂ ಸೇರಿ ಅದನ್ನು ಎರಡು ಸಲ ಕಟ್ಟಿದೆವು. ಮೊದಲ ಸಲ ಕಟ್ಟಿದ್ದನ್ನು ಪೂರ್ತಿ ಕಿತ್ತು ಹಾಕಬೇಕಾಯಿತು. ನಿಮಗೆ ಹಾಗಾಗಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಗೋಡೆಗೆ ಏನು ತುಂಬಿಸಲಿ ಅನ್ನೋದು ಮೂರನೇ ಪ್ರಶ್ನೆ. ಅದಕ್ಕೆ ಮೊದಲು ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಅಂತ ಯೋಚಿಸಿ, ಆಮೇಲೆ ತೂಕ ಯೋಚಿಸಿ. ನಾವು ಈ ಎರಡನ್ನೂ ಬಿಟ್ಟು ಗೋಡೆಯಿಂದ ಶುರು ಮಾಡಿದ್ದೆವು.

ತಿಪಟೂರಿನ ಕಡೆ ನಮ್ಮ ಸಂಬಂಧಿಕರ ಪರಿಚಯದ ನಾರಿನ ಫ್ಯಾಕ್ಟರಿ ಒಂದಿದೆ. ತೆಂಗಿನ ನಾರು ಮೂಟೆಗಟ್ಟಲೆ ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕಿತು. ನಮ್ಮ ಜಿಲ್ಲೆಯದ್ದೇ ಮಾಲು, ಹಗುರ, ಬಿಸಿಲು ತಡೆಯುತ್ತದೆ ಅಂತ ಖುಷಿಯಿಂದ ತಗಡಿಗೂ ಪ್ಲೈವುಡ್‌ಗೂ ನಡುವೆ ಒತ್ತೊತ್ತಾಗಿ ತುಂಬಿದೆವು. ಡಿಸೆಂಬರಿನಲ್ಲಿ ಮಧುಗಿರಿ ಹತ್ತಿರ ನಮ್ಮವರದ್ದೇ ಹೊಲದಲ್ಲಿ, ಏಕಶಿಲಾ ಬೆಟ್ಟ ಕಾಣುವ ಹಾಗೆ ನಿಲ್ಲಿಸಿ ಮಲಗಿದೆವು. ಚಳಿ ಅಂತ ಬಾಗಿಲು ಭದ್ರವಾಗಿ ಮುಚ್ಚಿದ್ದೆವು. ಬೆಳಗಿನ ಜಾವ ಹಣೆ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಟಾರ್ಚ್ ಹಾಕಿ ನೋಡಿದರೆ ಚಾವಣಿ ತುಂಬಾ ಹನಿಗಳು, ರಗ್ಗು ತೇವ, ಬಟ್ಟೆ ಬ್ಯಾಗೂ ತೇವ. ಹೊರಗೆ ಮಳೆ ಇಲ್ಲ, ಆಕಾಶ ನಿಚ್ಚಳವಾಗಿತ್ತು.

ಆ ನೀರು ನಮ್ಮ ಉಸಿರಿನದು. ತಣ್ಣೀರು ತುಂಬಿದ ಸ್ಟೀಲ್ ಚೊಂಬು ಹೊರಗಡೆ ಬೆವರುವುದಿಲ್ಲವೇ, ಹಾಗೆ. ಬಯಲಲ್ಲಿ ನಿಂತ ತಗಡು ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಇಬ್ಬರು ರಾತ್ರಿಯಿಡೀ ಬಿಡುವ ಉಸಿರಿನ ಆವಿ ಹೊರಗೆ ಹೋಗಲು ದಾರಿ ಸಿಗದೆ ಅದರ ಮೇಲೆ ನೀರಾಗಿ ಕೂರುತ್ತದೆ. ಚಾವಣಿಯದ್ದು ಕಣ್ಣಿಗೆ ಕಂಡಿತು, ಒರೆಸಿದೆವು. ಗೋಡೆಯೊಳಗಿನದು ಕಾಣಲಿಲ್ಲ. ನಾರಿನ ಸಂದಿನಲ್ಲಿ ಆವಿ ನುಸುಳಿ ತಗಡಿನ ಒಳಮೈಗೆ ಹೋಗಿ ನೀರಾಗಿ, ನಾರು ಅದನ್ನು ಕುಡಿದು ಹಿಡಿದುಕೊಂಡಿತ್ತು. ಆರು ತಿಂಗಳಿಗೆ ಮುಗ್ಗಲು ವಾಸನೆ ಬಂತು. ಪ್ಲೈವುಡ್ ಬಿಚ್ಚಿದಾಗ ನಾರು ಕಪ್ಪಾಗಿತ್ತು, ಅಪ್ಪ ಅಷ್ಟು ವರ್ಷ ತುಕ್ಕು ಹಿಡಿಯದಂತೆ ನೋಡಿಕೊಂಡಿದ್ದ ತಗಡು ಒಳಗಿನಿಂದ ಕೆಂಪಾಗಿ ಉದುರುತ್ತಿತ್ತು. ಅಪ್ಪ ಏನೂ ಅನ್ನಲಿಲ್ಲ. ಹೋಗಿ ಉಪ್ಪುಕಾಗದ ತಂದು ಕೂತರು.

ಎರಡನೇ ಸಲ ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿದು, ಮೊದಲು ಗಾಳಿಯ ದಾರಿ ಮಾಡಿದೆವು. ಒಂದು ಕಿಂಡಿ ತಗ್ಗಿನಲ್ಲಿ, ಒಂದು ಎತ್ತರದಲ್ಲಿ, ಎದುರುಬದುರು ಮೂಲೆಗಳಲ್ಲಿ. ಬಿಸಿ ಗಾಳಿ ತಾನಾಗಿಯೇ ಮೇಲಿನಿಂದ ಹೊರಟು ಹೋಗುತ್ತದೆ, ತಣ್ಣನೆಯದನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಹೊರದೇಶದ ಕ್ಯಾಂಪರ್‌ಗಳಲ್ಲಿ ಸಾಮಾನ್ಯವಾಗಿ ಚಾವಣಿಗೆ 14 ಇಂಚು ಚೌಕದ ಕಿಂಡಿ ಇಟ್ಟು ಅದರಲ್ಲೇ 12 ವೋಲ್ಟಿನ ಫ್ಯಾನ್ ಕೂರಿಸುತ್ತಾರೆ. ನಾವು ಅದೇ ಅಳತೆ ಹಿಡಿದೆವು. ಎರಡು ಪಕ್ಕಕ್ಕೆ ಬಸ್ ಬಾಡಿ ಕಟ್ಟುವವರ ಹತ್ತಿರ ಸಿಗುವ ಜಾರುಗಾಜಿನ ಕಿಟಕಿ, ಸೊಳ್ಳೆ ಜಾಲರಿ. ಎಷ್ಟೇ ಚಳಿ ಇದ್ದರೂ ರಾತ್ರಿ ಮೇಲಿನ ಕಿಂಡಿ ಎರಡು ಬೆರಳಿನಷ್ಟು ತೆರೆದೇ ಇರುತ್ತದೆ. ಅದಾದ ಮೇಲೆ ಚಾವಣಿ ಹನಿಸಿಲ್ಲ.

ಗೋಡೆಗೆ ಈಗ 25 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಹಲಗೆ ಹಾಕಿದ್ದೇವೆ. ನೋಡಲು ಥರ್ಮೋಕೋಲ್ ಥರವೇ, ಆದರೆ ಗಟ್ಟಿ, ನೀರು ಹೀರುವುದಿಲ್ಲ. ತಗಡಿಗೆ ಪೂರ್ತಿ ಅಂಟುವ ಹಾಗೆ ಹಚ್ಚಬೇಕು. ಹಿಂದೆ ಪೊಳ್ಳು ಉಳಿದರೆ ಅಲ್ಲಿ ಮತ್ತೆ ನೀರು ಕೂರುತ್ತದೆ. ಕಬ್ಬಿಣದ ಅಡ್ಡಪಟ್ಟಿಗಳನ್ನೂ ಮರೆಯಬೇಡಿ. ಹಲಗೆಗಳ ನಡುವೆ ಅವು ಬರಿಯಾಗಿದ್ದರೆ ಶಾಖ ಅವುಗಳ ಮೂಲಕವೇ ಓಡಾಡುತ್ತದೆ, ಹನಿಯೂ ಮೊದಲು ಅಲ್ಲಿಯೇ ಕಟ್ಟುತ್ತದೆ. ತೆಂಗಿನ ನಾರನ್ನು ನಾವು ಬಿಟ್ಟುಕೊಟ್ಟಿಲ್ಲ, ಅದಕ್ಕೆ ಸರಿಯಾದ ಜಾಗ ಕೊಟ್ಟಿದ್ದೇವೆ: ಮರದ ಪಟ್ಟಿಗಳ ಮಂಚದ ಮೇಲೆ ನಾಲ್ಕು ಇಂಚಿನ ನಾರಿನ ಹಾಸಿಗೆ. ಕೆಳಗಿನಿಂದ ಗಾಳಿ ಆಡುವುದರಿಂದ ಅದು ಒಣಗಿಯೇ ಇರುತ್ತದೆ. ಫೋಮ್ ಹಾಸಿಗೆಯನ್ನು ಪ್ಲೈವುಡ್ ಮೇಲೆ ನೇರವಾಗಿ ಹಾಕಿದರೆ ಅದರ ತಳಕ್ಕೆ ಬೂಷ್ಟು ಹಿಡಿಯುತ್ತದೆ.

ಇನ್ನು ತೂಕ. ಸಾಮಾನು ತರುವ ಮೊದಲೇ ಬರೀ ಟ್ರೇಲರನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ ಚೀಟಿ ತಗೊಳ್ಳಿ. ಊರಿನ ಹುಣಸೆಹಣ್ಣು, ಕೊಬ್ಬರಿ ಲಾರಿ ತೂಗುವ ಜಾಗದಲ್ಲೇ ಆಗುತ್ತದೆ. ನಮ್ಮದು ಖಾಲಿ 610 ಕೆ.ಜಿ. ಬಂತು. ಆರ್‌ಸಿಯಲ್ಲಿ ಇರುವ ಒಟ್ಟು ತೂಕದ ಮಿತಿ 1,000 ಕೆ.ಜಿ. ಅಲ್ಲಿಗೆ ಮಂಚ, ನೀರು, ಬಟ್ಟೆ, ಪಾತ್ರೆ, ಬ್ಯಾಟರಿ ಎಲ್ಲಕ್ಕೂ ಸೇರಿ 390 ಕೆ.ಜಿ. ಎಂಟು ಅಡಿ ನಾಲ್ಕು ಅಡಿಯ 18 ಮಿ.ಮೀ. ಪ್ಲೈವುಡ್ ಒಂದು ಶೀಟು ಸುಮಾರು 35 ಕೆ.ಜಿ. ತೂಗುತ್ತದೆ, 12 ಮಿ.ಮೀ. ಆದರೆ 23ರ ಆಸುಪಾಸು. ಬಡಗಿಗಳು ಮನೆ ಕಪಾಟಿನ ಅಭ್ಯಾಸದಲ್ಲಿ 18 ಅಂತಾರೆ. ನಮಗೆ ಹಾಕಿಕೊಟ್ಟ ಲೆಕ್ಕ ಏಳು ಶೀಟಿನದು, ಅಂದರೆ ಬರೀ ಮರಕ್ಕೇ 245 ಕೆ.ಜಿ. ನಾವು ಮೇಲಿನ ಕಪಾಟುಗಳನ್ನೆಲ್ಲ ಬಿಟ್ಟು ನಾಲ್ಕು ಶೀಟು 12 ಮಿ.ಮೀ.ನಲ್ಲಿ ಮುಗಿಸಿದೆವು. ಬಟ್ಟೆಗೆ ಗೋಡೆಯಲ್ಲಿ ಚೀಲಗಳು ನೇತಾಡುತ್ತವೆ. ಅಮ್ಮ ಶಾಮಿಯಾನದ ಹಳೇ ಬಟ್ಟೆಯಲ್ಲಿ ಹೊಲಿದದ್ದು.

ಒಟ್ಟು ತೂಕದಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಅನ್ನೋದು. ಮೊದಲ ಸಲ ನೀರಿನ ಟ್ಯಾಂಕು, ಬ್ಯಾಟರಿ ಎರಡನ್ನೂ ಹಿಂದಿನ ಬಾಗಿಲ ಹತ್ತಿರ ಇಟ್ಟಿದ್ದೆವು, ಕೈಗೆ ಸುಲಭ ಅಂತ. ಶಿರಾ ಕಡೆ ಹೋಗುವ ಹೆದ್ದಾರಿಯಲ್ಲಿ ಒಂದು ಲಾರಿ ಪಕ್ಕದಲ್ಲಿ ಹಾದುಹೋದ ಕೂಡಲೇ ಟ್ರೇಲರ್ ಎಡಕ್ಕೂ ಬಲಕ್ಕೂ ಹೊಡೆದಾಡಲು ಶುರುವಾಯಿತು. ಬೊಲೆರೋದ ಹಿಂಭಾಗವನ್ನೇ ಎಳೆದಾಡಿತು. ನಮ್ಮನೆಯವರು ಬ್ರೇಕ್ ತುಳಿಯಲಿಲ್ಲ. ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ನೇರವಾಗಿ ಹಿಡಿದುಕೊಂಡರು, ನಿಧಾನಕ್ಕೆ ಶಾಂತವಾಯಿತು. ಆವತ್ತು ಒತ್ತಿ ಬ್ರೇಕ್ ಹಾಕಿದ್ದರೆ ಮಡಚಿಕೊಂಡು ಬೀಳುತ್ತಿದ್ದೆವು. ಹಿಂದೆ ಭಾರ ಹೆಚ್ಚಾದ ಟ್ರೇಲರ್ ಹಾಗೆ ಆಡಿಯೇ ಆಡುತ್ತದೆ. ಪೂರ್ತಿ ತುಂಬಿದ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದೆ ಗಾಡಿಗೆ ಸಿಕ್ಕಿಸುವ ಹುಕ್ಕಿನ ಮೇಲೆ ಬೀಳಬೇಕು. ನೋಡುವುದು ಸುಲಭ: ಎಲ್ಲ ಸಾಮಾನು ತುಂಬಿ, ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಹುಕ್ಕಿನ ತುದಿಯನ್ನು ಕೊಬ್ಬರಿ ಮೂಟೆ ತೂಗುವ ಯಂತ್ರದ ಮೇಲೆ ಮರದ ತುಂಡಿಟ್ಟು ಇಳಿಸಿ. ಆ ತುಂಡಿನ ತೂಕ ಕಳೆಯಿರಿ. ನಮ್ಮದು ಒಟ್ಟು 905 ಕೆ.ಜಿ. ಇದ್ದು ಹುಕ್ಕಿನ ಮೇಲೆ ಬರೀ 48 ಇತ್ತು. ಟ್ಯಾಂಕನ್ನು ಆಕ್ಸಲ್‌ಗಿಂತ ಮುಂದಕ್ಕೆ, ಬ್ಯಾಟರಿ ಮತ್ತು ಗ್ಯಾಸನ್ನು ಇನ್ನೂ ಮುಂದಕ್ಕೆ ತಂದ ಮೇಲೆ 104 ಆಯಿತು. ಆಮೇಲೆ ಅದೇ ರಸ್ತೆಯಲ್ಲಿ ಎಷ್ಟೋ ಸಲ ಹೋಗಿದ್ದೇವೆ, ಅಲುಗಾಡಿಲ್ಲ. ಎಳೆಯುವ ಗಾಡಿಗೆ ಎಷ್ಟು ಎಳೆಯುವ ಅನುಮತಿ ಇದೆ ಅಂತ ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಸರಕು ಟ್ರೇಲರಿನ ಬಾಗಿಲಿಗೆ ಹೊರಗಡೆಯಿಂದ ಮಾತ್ರ ಅಗುಳಿ ಇರುತ್ತದೆ, ಯಾಕೆಂದರೆ ಒಳಗೆ ಮನುಷ್ಯರು ಇರುತ್ತಾರೆ ಅಂತ ಯಾರೂ ಅದನ್ನು ಮಾಡಿಲ್ಲ. ಗಾಳಿಗೆ ಬಾಗಿಲು ಬಡಿದು ಅಗುಳಿ ಬಿದ್ದರೆ, ಯಾವುದೋ ಮಗು ಆಟಕ್ಕೆ ಹಾಕಿದರೆ, ಒಳಗಿದ್ದವರು ಆ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ಹಾಗೆ. ಮಂಚಕ್ಕಿಂತ ಮೊದಲು ಒಳಗಿನಿಂದ ಕೈಯಲ್ಲೇ ತೆಗೆಯುವಂಥ ಅಗುಳಿ ಮಾಡಿಸಿ. ಹೊರಗಿನದು ಬಿದ್ದಿದ್ದರೂ ಒಳಗಿನಿಂದ ತೆರೆಯಬೇಕು. ಇನ್ನೊಂದು ಪಕ್ಕದಲ್ಲಿ ಒಬ್ಬರು ಮೈ ತೂರಿಸಿ ಹೊರಬರುವಷ್ಟು ದೊಡ್ಡ ಕಿಟಕಿ ಇರಲಿ. ನಮ್ಮಲ್ಲಿ ಅಮ್ಮನನ್ನು ಕತ್ತಲೆಯಲ್ಲಿ ಒಳಗೆ ಕೂರಿಸಿ, ನೀನೇ ತೆಗೆದುಕೊಂಡು ಬಾ ಅಂತ ನೋಡಿದೆವು. ಮೊದಲ ಸಲ ಅಗುಳಿ ಅವರ ಕೈಗೆ ಬಿಗಿಯಾಯಿತು. ವೆಲ್ಡಿಂಗ್ ಶಾಪಿಗೆ ವಾಪಸ್ ಒಯ್ದು ಹಿಡಿ ಉದ್ದ ಮಾಡಿಸಿದೆವು.

ಅಡುಗೆ ಹೊರಗಡೆಯೇ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ, ಅಂದರೆ ನೀವು ಮಲಗುವ ಮಟ್ಟದಲ್ಲೇ ನಿಲ್ಲುತ್ತದೆ. ನಮ್ಮ 5 ಕೆ.ಜಿ. ಸಿಲಿಂಡರ್ ಮುಂದಿನ ಎಳೆಯುವ ಚೌಕಟ್ಟಿನ ಮೇಲೆ ತಳಕ್ಕೆ ತೂತಿರುವ ಬೇರೆ ಪೆಟ್ಟಿಗೆಯಲ್ಲಿದೆ. ಚಳಿಗೆ ಅಂತ ಇದ್ದಿಲ ಒಲೆಯನ್ನು ಯಾವ ಕಾರಣಕ್ಕೂ ಒಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದಕ್ಕೊಂದು ಅಲಾರಂ ಸಿಗುತ್ತದೆ, ಮಂಚದ ಹತ್ತಿರ ಹಾಕಿ.

ಎಸಿ ಬಗ್ಗೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ಜಿಲ್ಲೆ ನಮ್ಮದು, ಬಿಸಿಲಿಗೆ ಕೊರತೆಯಿಲ್ಲ, ಹಾಗಾಗಿ ಸೋಲಾರ್ ಎಸಿ ಆಗಲಿ ಅಂತ ನಮಗೂ ಆಸೆ ಇತ್ತು. ಲೆಕ್ಕ ಒಪ್ಪಲಿಲ್ಲ. 12.8 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1,280 ವ್ಯಾಟ್ ಅವರ್, ಅಂದರೆ 1,280 ವ್ಯಾಟಿನ ಸಾಮಾನನ್ನು ಒಂದು ಗಂಟೆ ಓಡಿಸುವಷ್ಟು ಕರೆಂಟು. ಸಾವಿರ ವ್ಯಾಟ್ ಎಳೆಯುವ ಎಸಿ ಅದನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಅದೇ 30 ವ್ಯಾಟಿನ ಫ್ಯಾನ್ ಎಂಟು ಗಂಟೆ ಓಡಿದರೆ 240, ದೀಪ ಮೊಬೈಲ್ ಸೇರಿ ಇನ್ನೊಂದು 80. ಒಳ್ಳೇ ಬಿಸಿಲಲ್ಲಿ ನಮ್ಮ 200 ವ್ಯಾಟಿನ ಪ್ಯಾನಲ್ ದಿನಕ್ಕೆ 700ರ ಹತ್ತಿರ ಕೊಡುತ್ತದೆ, ಆಷಾಢದ ಮೋಡದಲ್ಲಿ ಅದರ ಮೂರರಲ್ಲೊಂದು ಪಾಲು. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿಸಿ, ದೂರ ಬೇಡ. ತಂಪಿಗೆ ನಿಜವಾಗಿ ಕೆಲಸ ಮಾಡುವುದು ನೆರಳು. ಪ್ಯಾನಲ್‌ಗಳನ್ನು ಚಾವಣಿಯಿಂದ ನಾಲ್ಕು ಇಂಚು ಎತ್ತರಿಸಿ ಕೂರಿಸಿದರೆ ಅವೇ ಕೊಡೆಯಾಗುತ್ತವೆ, ನಡುವೆ ಗಾಳಿ ಓಡುತ್ತದೆ. ಬಿಸಿಲು ಬೀಳುವ ಪಕ್ಕಕ್ಕೆ ನಾವು ಶಾಮಿಯಾನದ ಬಟ್ಟೆ ಕಟ್ಟುತ್ತೇವೆ. ಗೂಟ ಹೊಡೆದು ಹಗ್ಗ ಬಿಗಿಯುವುದು ಅಪ್ಪನ ಕೆಲಸ, ಇನ್ನೊಬ್ಬರಿಗೆ ಬಿಡುವುದಿಲ್ಲ. ಕುರ್ಚಿಯಲ್ಲಿ ಕೂತೇ ಯಾವ ಹಗ್ಗ ಸಡಿಲ ಅಂತ ಹೇಳುತ್ತಾರೆ.

ಕಾಗದಪತ್ರದ ವಿಷಯವನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ತಗಡಿಗೆ ಕತ್ತರಿ ಹಾಕುವ ಮೊದಲೇ ಇದು ಮುಗಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೇ. ಅದಕ್ಕೆ ಅದರದ್ದೇ ನೋಂದಣಿ ಬೇಕು. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಿಸಬಾರದು ಅಂತ 52ನೇ ಕಲಂ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಕಿಟಕಿ, ಚಾವಣಿ ಕಿಂಡಿ, ಬಾಗಿಲು ಎಲ್ಲ ಇರುವ ಒಂದು ನಕ್ಷೆ ಬರೆಸಿಕೊಂಡು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಒಳಗಿನ ಮಂಚ, ಟ್ಯಾಂಕು, ಪೆಟ್ಟಿಗೆಗಳನ್ನು ಬೋಲ್ಟಿನಲ್ಲಿ ಬಿಚ್ಚಿ ತೆಗೆಯುವ ಹಾಗೆ ಮಾಡಿ. ಗಾಡಿ ಓಡುವಾಗ ಟ್ರೇಲರಿನಲ್ಲಿ ಯಾರೂ ಇರಕೂಡದು, ಮಲಗಿದ ಮಗು ಆದರೂ ಸರಿ, ಎಬ್ಬಿಸಿ ಕಾರಿಗೆ ಕರೆತನ್ನಿ. ದೇವರಾಯನದುರ್ಗದಂಥ ಕಾಡಿನ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ನಿಲ್ಲಿಸಬೇಡಿ. ಪರಿಚಯದವರ ತೋಟ, ಹೊಲ ಕೇಳಿಕೊಂಡರೆ ನೀರೂ ಸಿಗುತ್ತದೆ, ಶೌಚಕ್ಕೂ ದಾರಿಯಾಗುತ್ತದೆ.

ನಾಳೆಯೇ ಏನಾದರೂ ಮಾಡಬೇಕು ಅಂತಿದ್ದರೆ, ಒಂದು ಪೈಸೆಯ ಸಾಮಾನೂ ತರಬೇಡಿ. ಟ್ರೇಲರ್ ಗುಡಿಸಿ, ತೊಳೆದು, ಒಣಗಿಸಿ, ನಿಮ್ಮ ಮನೆ ಅಂಗಳದಲ್ಲೇ ಚಾಪೆ ಹಾಕಿಕೊಂಡು ಇಬ್ಬರೂ ಒಂದು ರಾತ್ರಿ ಅದರಲ್ಲಿ ಮಲಗಿ. ಬಾಗಿಲು ಮುಚ್ಚಿಹೋಗದ ಹಾಗೆ ಒಂದು ಇಟ್ಟಿಗೆ ಕೊಟ್ಟು, ಗೇಣು ಅಗಲ ತೆರೆದಿಡಿ. ತಲೆ ಎಲ್ಲಿ ತಗಲುತ್ತದೆ, ಸೆಕೆ ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಕಾಲು ಎಲ್ಲಿಗೆ ಬರುತ್ತದೆ ಅಂತ ಗೊತ್ತಾಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಚಾವಣಿಯನ್ನೂ ಗೋಡೆಯನ್ನೂ ಕೈಯಿಂದ ಸವರಿ ನೋಡಿ, ಎಲ್ಲೆಲ್ಲಿ ತೇವ ಹತ್ತಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಗುರುತುಗಳ ಫೋಟೊ ಇಲ್ಲಿ ಹಾಕಿದರೆ ಕಿಂಡಿ ಎಲ್ಲಿ ಬಂದರೆ ಒಳ್ಳೆಯದು ಅಂತ ನೋಡಿ ಹೇಳುತ್ತೇನೆ.