ಹಾರ್ನಿಮನ್ ಹೆಸರು ಅಲ್ಲೇ ಇರಲಿ

ಹುಬ್ಬಳ್ಳಿ ವಿದ್ಯಾನಗರದ ಓದುಗರೊಬ್ಬರ ಪತ್ರ: ‘ಮುಂಬೈ ಕೋಟೆ ಭಾಗದಲ್ಲಿ ಹಾರ್ನಿಮನ್ ಸರ್ಕಲ್ ನೋಡಿದೆ. ಬ್ರಿಟಿಷರು ಹೋಗಿ ಇಷ್ಟು ವರ್ಷವಾದರೂ ಅವರ ಹೆಸರು ಯಾಕೆ? ತೆಗೆದುಹಾಕಬೇಕು ಅಲ್ವಾ?’

ನಮಸ್ಕಾರ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಈ ಹೆಸರಿನ ಮೇಲೆ ಬೇಡ. ಅಲ್ಲಿ ಮೊದಲು ಇದ್ದದ್ದು ಗವರ್ನರ್ ಎಲ್ಫಿನ್‌ಸ್ಟನ್ ಹೆಸರು. ಸ್ವಾತಂತ್ರ್ಯ ಬಂದ ಮೇಲೆ ಅದನ್ನು ತೆಗೆದರು. ಬ್ರಿಟಿಷ್ ಸರ್ಕಾರ ಈ ದೇಶದಿಂದ ಹೊರಗಟ್ಟಿದ್ದ ಸಂಪಾದಕರ ಹೆಸರಿಟ್ಟರು.

ಬೆಂಜಮಿನ್ ಗೈ ಹಾರ್ನಿಮನ್ ಇಂಗ್ಲೆಂಡಿನಲ್ಲಿ 1873ರಲ್ಲಿ ಹುಟ್ಟಿದವರು. 1906ರಲ್ಲಿ ಕಲ್ಕತ್ತಾದ ‘ಸ್ಟೇಟ್ಸ್‌ಮನ್’ ಪತ್ರಿಕೆ ಸೇರಿದರು. 1913ರಲ್ಲಿ ಫಿರೋಜ್‌ಶಾ ಮೆಹ್ತಾ ‘ಬಾಂಬೆ ಕ್ರಾನಿಕಲ್’ ಶುರು ಮಾಡಿದಾಗ ಅದರ ಸಂಪಾದಕರಾದರು.

1919 ಬಂತು. ರೌಲಟ್ ಕಾಯ್ದೆ ವಿರೋಧಿಸಲು ಕಟ್ಟಿದ ಸತ್ಯಾಗ್ರಹ ಸಭೆಗೆ ಗಾಂಧೀಜಿ ಅಧ್ಯಕ್ಷರು, ಹಾರ್ನಿಮನ್ ಉಪಾಧ್ಯಕ್ಷರು. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿತು. ಪಂಜಾಬಿನ ಸುದ್ದಿ ಹೊರಗೆ ಬಾರದಂತೆ ಸರ್ಕಾರ ಬಾಯಿ ಕಟ್ಟಿತ್ತು. ಅಂಥ ಹೊತ್ತಿನಲ್ಲಿ ಸುಮ್ನೆ ಇದ್ದಿದ್ದರೆ ಹಾರ್ನಿಮನ್‌ಗೆ ಯಾವ ತೊಂದರೆಯೂ ಇರಲಿಲ್ಲ. ಬಿಳಿ ಚರ್ಮ, ಒಳ್ಳೇ ಸಂಬಳ, ದೊಡ್ಡ ಪತ್ರಿಕೆ. ಆದರೂ ಬರೆದರು. ಏಪ್ರಿಲ್ 26ಕ್ಕೆ, ಕಾಯಿಲೆ ಬಿದ್ದಿದ್ದ ಮನುಷ್ಯನನ್ನು ಎಬ್ಬಿಸಿ ಹಡಗು ಹತ್ತಿಸಿದರು. ಪತ್ರಿಕೆಯೂ ಕೆಲ ದಿನ ನಿಂತಿತು. ವರದಿಗಾರ ಗೋವರ್ಧನ ದಾಸ್ ಜೈಲು ಸೇರಿದರು. ಲಂಡನ್ನಿಗೆ ಹೋದ ಮೇಲೂ ಹಾರ್ನಿಮನ್ ಬಾಯಿ ಮುಚ್ಚಲಿಲ್ಲ. 1920ರಲ್ಲಿ ಅಮೃತಸರದ ಬಗ್ಗೆ ಒಂದು ಪುಸ್ತಕವನ್ನೇ ಬರೆದು, ಅಲ್ಲಿ ನಡೆದದ್ದನ್ನು ಇಂಗ್ಲೆಂಡಿನ ಜನರ ಮುಂದಿಟ್ಟರು.

ಇದು ಮುಂಬೈಯವರ ಕಥೆ, ನಮಗೇನು ಅನ್ನಬೇಡಿ. ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಗದಗ, ಹಾವೇರಿ ಕೂಡ ಅದೇ ಜಿಲ್ಲೆಯೊಳಗಿದ್ದವು. ಹಾರ್ನಿಮನ್ ಅವರನ್ನು ಹೊರಗಟ್ಟಿದಾಗ ಗವರ್ನರ್ ಆಗಿದ್ದ ಜಾರ್ಜ್ ಲಾಯ್ಡ್ ನಮಗೂ ಗವರ್ನರ್. ಅವರ ಕಾಲದಲ್ಲೇ, 1921ರಲ್ಲಿ, ಧಾರವಾಡದಲ್ಲಿ ‘ಕರ್ಮವೀರ’ ಹುಟ್ಟಿತು. ಅದರ ಸಂಪಾದಕ ರಂಗನಾಥ ದಿವಾಕರರೂ ಜೈಲು ಕಂಡವರೇ. ಪತ್ರಿಕೆ ನಡೆಸುವುದು ಅಂದರೆ ಬಟ್ಟೆಬರೆ ಕಟ್ಟಿಟ್ಟುಕೊಂಡು ಕೂರುವುದು ಎಂಬಂಥ ಕಾಲ ಅದು.

ನನಗೆ ಹಾರ್ನಿಮನ್ ಮೇಲೆ ಗೌರವ ಜಾಸ್ತಿಯಾಗುವುದು ಅವರು ವಾಪಸ್ ಬಂದದ್ದಕ್ಕೆ. ಭಾರತಕ್ಕೆ ಬರಲು ಸರ್ಕಾರ ಅನುಮತಿ ಕೊಡಲಿಲ್ಲ. ತಮ್ಮದೇ ಊರು, ತಮ್ಮದೇ ಜನ ಅಂತ ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ಕಾನೂನಿನ ಸಂದು ಹುಡುಕಿಕೊಂಡು 1926ರ ಜನವರಿಯಲ್ಲಿ ಬಂದೇ ಬಿಟ್ಟರು. ಮತ್ತೆ ‘ಕ್ರಾನಿಕಲ್’ ಕುರ್ಚಿಯಲ್ಲಿ ಕೂತರು. ಆಮೇಲೆ ‘ಬಾಂಬೆ ಸೆಂಟಿನೆಲ್’ ನಡೆಸಿದರು. ಸ್ವತಂತ್ರ ಭಾರತವನ್ನು ಕಣ್ಣಾರೆ ಕಂಡು, 1948ರಲ್ಲಿ ತೀರಿಕೊಂಡರು.