6400 ಡಿಪಿಐ ಸ್ಕ್ಯಾನ್ ಮಾಡಿದರೂ ಕೋಟೆಯ ಕಲ್ಲು ಮಸುಕೇಕೆ?

ಪ್ರಶ್ನೆ: ಚಿತ್ರದುರ್ಗದ ಕೋಟೆಯನ್ನು 4×5 ಇಂಚಿನ ಕಪ್ಪುಬಿಳುಪು ಶೀಟ್ ಫಿಲ್ಮಿನಲ್ಲಿ, 150 ಮಿ.ಮೀ. ಲೆನ್ಸ್ ಹಾಕಿ ತೆಗೆಯುತ್ತಿದ್ದೇನೆ. ಮುಂದಿನ ಬಂಡೆಯಿಂದ ಹಿಂದಿನ ಬುರುಜಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರಲೆಂದು ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಎಫ್/45ಕ್ಕೆ ಇಡುತ್ತೇನೆ. ಫ್ಲ್ಯಾಟ್‌ಬೆಡ್‌ನಲ್ಲಿ 6400 ಡಿಪಿಐಗೆ (ಇಂಚಿಗೆ 6400 ಪಿಕ್ಸೆಲ್) ಸ್ಕ್ಯಾನ್ ಮಾಡಿದರೆ ಫೈಲು 1.4 ಜಿಬಿ ಆಗುತ್ತದೆ, ಹಿಗ್ಗಿಸಿ ನೋಡಿದರೆ ಮಾತ್ರ ಮಸುಕು. ಡ್ರಮ್ ಸ್ಕ್ಯಾನ್ (ಫಿಲ್ಮನ್ನು ತಿರುಗುವ ಉರುಳೆಗೆ ಅಂಟಿಸಿ ಮಾಡುವ ದುಬಾರಿ ಸ್ಕ್ಯಾನ್) ಮಾಡಿಸಬೇಕೆ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಈಗಿರುವ ನೆಗೆಟಿವ್‌ಗಳಿಗೆ ಡ್ರಮ್ ಸ್ಕ್ಯಾನ್ ಮಾಡಿಸುವುದು ದಂಡದ ಖರ್ಚು. ಮೊದಲು ನೆಗೆಟಿವ್ ಅನ್ನು ಲೈಟ್ ಪ್ಯಾನೆಲ್ ಮೇಲಿಟ್ಟು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಅಂದರೆ 10ಎಕ್ಸ್ ಲೂಪ್‌ನಲ್ಲಿ ನೋಡಿ. ಕಲ್ಲಿನ ಸಂದುಗಳು ಅಲ್ಲೇ ಮೆತ್ತಗಿದ್ದರೆ ತೊಂದರೆ ಕ್ಯಾಮೆರಾದ ಕಡೆಯದು. ನಿಮ್ಮ ವಿವರ ನೋಡಿದರೆ ಹಾಗೇ ಅನಿಸುತ್ತದೆ.

ಅಪರ್ಚರ್ ಕಿರಿದಾದಷ್ಟೂ (ಅಂದರೆ ಎಫ್ ಸಂಖ್ಯೆ ದೊಡ್ಡದಾದಷ್ಟೂ) ಬೆಳಕು ಹರಡಿಕೊಳ್ಳುತ್ತದೆ. 1500 ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ; ಫಿಲ್ಮಿನ ಒಂದು ಮಿಲಿಮೀಟರ್‌ನಲ್ಲಿ ಹೆಚ್ಚೆಂದರೆ ಎಷ್ಟು ಗೆರೆಜೋಡಿ (ಒಂದು ಕಪ್ಪು, ಒಂದು ಬಿಳಿ ಗೆರೆ) ಬಿಡಿಬಿಡಿಯಾಗಿ ಮೂಡಬಹುದೆಂಬ ಅಂದಾಜು ಸಿಗುತ್ತದೆ. ಎಫ್/22ಕ್ಕೆ 68, 32ಕ್ಕೆ 47, 45ಕ್ಕೆ ಬರೀ 33. ಒಂದು ಜೋಡಿಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕು, ಅಂದರೆ 33 ಜೋಡಿಗೆ ಸುಮಾರು 1700 ಡಿಪಿಐ ಸಾಕು. ಉಳಿದದ್ದೆಲ್ಲ ಹಾರ್ಡ್ ಡಿಸ್ಕ್ ತುಂಬುವ ಹೊರೆ.

ಹಾಗಾದರೆ ಎಷ್ಟಿಡಬೇಕು? ಅಂದಾಜಿನ ಮೇಲೆ ಬೇಡ, ಅಳೆದು ಇಡಿ. ಹತ್ತಿರದ ಬಂಡೆಗೆ ಫೋಕಸ್ ಮಾಡಿ ಕ್ಯಾಮೆರಾದ ರೈಲಿನ (ಫೋಕಸ್ ಮಾಡುವಾಗ ಲೆನ್ಸ್ ಹಿಂದೆಮುಂದೆ ಜಾರುವ ಪಟ್ಟಿ) ಮೇಲೆ ಪೆನ್ಸಿಲ್ ಗುರುತು ಹಾಕಿ, ದೂರದ ಬುರುಜಿಗೆ ಫೋಕಸ್ ಮಾಡಿ ಇನ್ನೊಂದು ಗುರುತು. ನಡುವಿನ ಅಂತರ 1 ಮಿ.ಮೀ. ಇದ್ದರೆ ಎಫ್/16 ಮತ್ತು 22ರ ನಡುವೆ, 2 ಇದ್ದರೆ 22 ಮತ್ತು 32ರ ನಡುವೆ, 3 ಇದ್ದರೆ 32. ಎಫ್/45ರ ಹತ್ತಿರ ಹೋಗುವ ಅಗತ್ಯ ಬರುವುದು ಅಂತರ 5 ಮಿ.ಮೀ. ದಾಟಿದರೆ ಮಾತ್ರ. ಕೊನೆಗೆ ಫೋಕಸನ್ನು ಎರಡು ಗುರುತುಗಳ ನಟ್ಟನಡುವೆ ನಿಲ್ಲಿಸಿ.

ಅಂತರ ಹೆಚ್ಚು ಬಂದರೆ ಮುಂದಿನ ಸ್ಟ್ಯಾಂಡರ್ಡ್ ಅನ್ನು (ಲೆನ್ಸ್ ಹಿಡಿದಿರುವ ಚೌಕಟ್ಟು) ಮುಂದಕ್ಕೆ ಬಾಗಿಸಿ; ಇದೇ ಟಿಲ್ಟ್. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದು, ಹಾಸುಬಂಡೆ ಕಾಲಬುಡದಿಂದಲೇ ಚಾಚಿದ್ದರೆ 150 ಮಿ.ಮೀ. ಲೆನ್ಸಿಗೆ 6 ಡಿಗ್ರಿ ಸಾಕು. ಆದರೆ ಎತ್ತರದ ಬುರುಜು ಪಕ್ಕದಲ್ಲೇ ಇದ್ದರೆ ಟಿಲ್ಟ್ ಉಪಕಾರಕ್ಕಿಂತ ಅಪಕಾರವೇ ಹೆಚ್ಚು: ಬುಡ ಸ್ಪಷ್ಟವಾಗಿ, ತಲೆ ಮಸುಕಾಗುತ್ತದೆ. ಆಗ ಟಿಲ್ಟ್ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುವುದೇ ಮೇಲು.

ದುರ್ಗದ ಗಾಳಿಯನ್ನೂ ಮರೆಯಬೇಡಿ. ಬಿಸಿಲಿನಲ್ಲಿ ಐಎಸ್‌ಒ 100 ಫಿಲ್ಮಿಗೆ ಎಫ್/45ರಲ್ಲಿ ಸುಮಾರು 1/12 ಸೆಕೆಂಡು ಬೇಕು. ಕೆಂಪು ಫಿಲ್ಟರ್ ಹಾಕಿದರೆ ಅರ್ಧ ಸೆಕೆಂಡು ದಾಟುತ್ತದೆ. ಅಷ್ಟು ಹೊತ್ತು ಬೆಲ್ಲೋಸ್ (ಲೆನ್ಸ್ ಮತ್ತು ಫಿಲ್ಮಿನ ನಡುವಿನ ಮಡಿಕೆ ಚೀಲ) ಗಾಳಿಗೆ ಅಲುಗದೆ ನಿಲ್ಲುವುದಿಲ್ಲ. ಗಾಳಿ ಬರುವ ಕಡೆ ಕೊಡೆ ಹಿಡಿಸಿ, ಕೇಬಲ್ ರಿಲೀಸನ್ನು ಬಿಗಿಯಾಗಿ ಎಳೆಯದೆ ಸಡಿಲ ಬಿಡಿ. ಕೋಟೆಯೊಳಗೆ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.

ಇನ್ನು ಸ್ಕ್ಯಾನರ್. ಪೆಟ್ಟಿಗೆಯ ಮೇಲಿನ 6400 ಎಂಬುದು ಎಷ್ಟು ಪಿಕ್ಸೆಲ್ ಬರೆಯುತ್ತದೆ ಎಂಬ ಲೆಕ್ಕ. ಈ ವರ್ಗದ ಒಳ್ಳೆಯ ಫ್ಲ್ಯಾಟ್‌ಬೆಡ್ ನಿಜಕ್ಕೂ ಬಿಡಿಸಿ ತೋರಿಸುವುದು 2300 ಡಿಪಿಐ ಆಸುಪಾಸು. 3200ಕ್ಕೆ ಸ್ಕ್ಯಾನ್ ಮಾಡಿ 2400ಕ್ಕೆ ಇಳಿಸಿ. ಸುಮಾರು 10 ಕೋಟಿ ಪಿಕ್ಸೆಲ್ ಉಳಿಯುತ್ತದೆ, 300 ಡಿಪಿಐನಲ್ಲಿ 30×37 ಇಂಚಿನ ಪ್ರಿಂಟ್ ಬರುತ್ತದೆ. ಹೋಲ್ಡರ್‌ನ ಎತ್ತರ ತಪ್ಪಿದ್ದರೆ ಇದೂ ಸಿಗದು: ಶಾರ್ಪನಿಂಗ್ ಆಫ್ ಮಾಡಿ, ಹೋಲ್ಡರ್‌ನ ಕಾಲಡಿ ಮಾಮೂಲಿ ಪ್ರಿಂಟರ್ ಹಾಳೆಗಳನ್ನು (ಒಂದು ಹಾಳೆ ಸುಮಾರು 0.1 ಮಿ.ಮೀ.) ಎರಡೆರಡಾಗಿ ಸೇರಿಸುತ್ತ ಒಂದೇ ತುಣುಕನ್ನು ಮತ್ತೆಮತ್ತೆ ಸ್ಕ್ಯಾನ್ ಮಾಡಿ ಹೋಲಿಸಿ. ನಡುಭಾಗ ಮಾತ್ರ ಮಸುಕಾಗಿದ್ದರೆ ಫಿಲ್ಮ್ ಜೋತುಬಿದ್ದಿದೆ, ಫಿಲ್ಮನ್ನು ಚಪ್ಪಟೆಯಾಗಿ ಒತ್ತಿಹಿಡಿಯುವ, ಬೆಳಕಿನ ಉಂಗುರಗಳು ಮೂಡದಂತೆ ತಡೆಯುವ ಆ್ಯಂಟಿ-ನ್ಯೂಟನ್ ಗಾಜು ಬೇಕು.

ಎಫ್/22ರಲ್ಲಿ ತೆಗೆದ ನೆಗೆಟಿವ್ ಕೈಗೆ ಬಂದ ಮೇಲೆ ಡ್ರಮ್ ಸ್ಕ್ಯಾನ್ ಯೋಚಿಸಬಹುದು. ಅದಕ್ಕೂ ಮುನ್ನ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್ ಇದ್ದರೆ ತುಂಡುತುಂಡಾಗಿ ತೆಗೆದು ಜೋಡಿಸಿ ನೋಡಿ. 1:2ರಲ್ಲಿ (ಸೆನ್ಸರಿನ ಮೇಲೆ ನಿಜಗಾತ್ರದ ಅರ್ಧ) ಆರು ಫ್ರೇಮಿಗೆ 2100 ಡಿಪಿಐ. 1:1ರಲ್ಲಿ 4200, ಆದರೆ ಮೂವತ್ತು ಫ್ರೇಮ್ ಬೇಕು. ನೆಗೆಟಿವ್ ಸುತ್ತಲಿನ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚದಿದ್ದರೆ ಕಾಂಟ್ರಾಸ್ಟ್ ಸತ್ತುಹೋಗುತ್ತದೆ.

ಪ್ರಶ್ನೆ: ಸ್ಕ್ಯಾನರ್‌ನ ದೂಳು ತೆಗೆಯುವ ಆಯ್ಕೆ ಬಣ್ಣದ ನೆಗೆಟಿವ್‌ಗೆ ಚೆನ್ನಾಗಿದೆ, ಕಪ್ಪುಬಿಳುಪಿನದನ್ನು ಕೆಡಿಸುತ್ತದೆ. ಏಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅದು ಇನ್‌ಫ್ರಾರೆಡ್ ಬೆಳಕಿನಿಂದ ದೂಳನ್ನು ಹುಡುಕುತ್ತದೆ. ಬಣ್ಣದ ಫಿಲ್ಮಿನ ಡೈ ಆ ಬೆಳಕನ್ನು ಬಿಡುತ್ತದೆ, ಕಪ್ಪುಬಿಳುಪಿನ ಬೆಳ್ಳಿ ತಡೆಯುತ್ತದೆ. ಹಾಗಾಗಿ ಚಿತ್ರವೇ ದೂಳೆಂದು ಲೆಕ್ಕವಾಗುತ್ತದೆ. ಆಫ್ ಮಾಡಿ.

ಪಾಸಿಟಿವ್‌ನಲ್ಲಿ ಬಿಳಿ ಚುಕ್ಕೆ ಇದ್ದರೆ ದೂಳು ಸ್ಕ್ಯಾನ್ ಮಾಡುವಾಗ ಕೂತದ್ದು: ಫ್ಯಾನ್ ನಿಲ್ಲಿಸಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ಲೋವರ್ ಬಳಸಿ. ಕಪ್ಪು ಚುಕ್ಕೆಯಾದರೆ ಫೋಟೊ ತೆಗೆಯುವಾಗಲೇ ಫಿಲ್ಮಿನ ಮೇಲಿತ್ತು, ಫಿಲ್ಮ್ ಹೋಲ್ಡರ್ ಶುಚಿಮಾಡಿ. ಒಣಗಿದ ಹನಿಯಂಥ ಬಿಳಿ ಉಂಗುರ ಕಂಡರೆ ಬೋರ್‌ವೆಲ್ ನೀರಿನ ಸುಣ್ಣ. ಆ ನೆಗೆಟಿವನ್ನು ಮತ್ತೆ ನೆನೆಸಿ, ಕೊನೆಯ ತೊಳೆತವನ್ನು ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿಹೋಗಲು ಹಾಕುವ ದ್ರವ) ಬೆರೆಸಿದ ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಪಕ್ಕದಲ್ಲೇ ಆಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದಿ ಕೊಳ್ಳಿ.